ಐದನೇ ಸೈಜಿನ ಸ್ಯಾಂಡಲ್

ಜೂನ್ ೮, ಭಾನುವಾರ, ಬೆಳಿಗ್ಗೆ ೬.೪೦ಕ್ಕೆ ಬರೆಯಲು ಶುರು.

ಇಡೀ ಕುಂಬಾರಕೊಪ್ಪಲಿನಲ್ಲಿ ರೇಷ್ಮೆ ಸೀರೆಗೆ ಗಂಡಸರ ಸ್ಯಾಂಡಲ್ ಹಾಕುವ ಹೆಂಗಸು ಒಬ್ಬರೇ; ನನ್ನ ಗ್ರಹಚಾರ, ಅವರು ನನ್ನ ಸೋದರತ್ತೆ! ಕಪ್ಪು ಬಣ್ಣ, ಅಗಲದ ಸೋಲ್, ಹಿಮ್ಮಡಿಗೆ ಪಟ್ಟಿ. ಎಪ್ಪತ್ತೊಂದರ ಅತ್ತೆ ಅದನ್ನು ಬಿಗಿದು ಹೊರಟರೆ ಬಂದೋಬಸ್ತಿಗೆ ಹೊರಟ ಪೊಲೀಸರಂತೆ ಕಾಣುತ್ತಿದ್ದರು.

ಲಷ್ಕರ್ ಮೊಹಲ್ಲಾದ ಅಂಗಡಿಯಾತ ಒಮ್ಮೆ, “ಅಮ್ಮಾ, ಲೇಡೀಸ್ ಈ ಕಡೆ” ಎಂದ.

“ಆ ಕಡೇದು ಹಾಕ್ಕೊಂಡು ನೀನು ಮೆಟ್ಲಿಳಿದು ತೋರ್ಸಪ್ಪ, ನಾಲ್ಕು ಜೊತೆ ತಗೋತೀನಿ” ಎಂದರು ಅತ್ತೆ. ಆತ ಇಳಿಯಲಿಲ್ಲ. ಅತ್ತೆ ನನ್ನತ್ತ ತಿರುಗಿದರು: “ಈ ಲೇಡೀಸ್ ಚಪ್ಲಿ ಮಾಡೋರು ಕಾಲು ನೋಡಿಲ್ಲ ಕಣೋ, ಸೀರೆ ಬಾರ್ಡರ್ ನೋಡಿದಾರೆ!”

ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಒಂದು ಗೃಹಪ್ರವೇಶದಲ್ಲಿ ಆ ಸ್ಯಾಂಡಲ್ ನೋಡಿ ನಕ್ಕವರು ಹದಿನೇಳು ಮಂದಿ. ಹದಿನೇಳನೆಯವನು ನಾನು. ಅದನ್ನು ಹಾಕಿಕೊಂಡು ಅತ್ತೆ ಎಷ್ಟು ಸಲ ಬಿದ್ದಿದ್ದರು? ಒಮ್ಮೆಯೂ ಇಲ್ಲ. ಆದರೆ ಆಗದೇ ಇದ್ದದ್ದನ್ನು ಡೈರಿಯಲ್ಲಿ ಯಾರು ಬರೆಯುತ್ತಾರೆ?

ಮೇ ೧೧, ಮೇಟಗಳ್ಳಿಯ ಛತ್ರದಲ್ಲಿ ನನ್ನ ತಂಗಿಯ ಮದುವೆ. ಫೋಟೊ ಕೆಡಬಾರದಲ್ಲ! ಬಂಗಾರದ ಬಣ್ಣದ, ಎರಡಿಂಚು ಹೀಲ್ಸಿನ ಚಪ್ಪಲಿ ತಂದವನು ನಾನೇ. ಅತ್ತೆ ಮನಸ್ಸು ಬದಲಿಸಬಾರದೆಂದು ಅವರ ಸ್ಯಾಂಡಲನ್ನು ಬೆಳಿಗ್ಗೆಯೇ ಕಸದ ಗಾಡಿಗೆ ಹಾಕಿಬಿಟ್ಟೆ.

“ಕಾಲು ಹೊರಳುತ್ತೆ ಕಣೋ, ಹಿಂದ್ಗಡೆ ಪಟ್ಟೀನೇ ಇಲ್ಲ.”

“ಒಂದಿನ ತಾನೆ ಅತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.”

೧೦.೨೦ಕ್ಕೆ ಛತ್ರದ ಮೂರನೇ ಮೆಟ್ಟಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ನೋಡಲು ಬಂದವರು ಇಪ್ಪತ್ತಾರು ಮಂದಿ; “ವಯಸ್ಸಾಯ್ತಲ್ಲ, ಬುಡು” ಎಂದವರೂ ಇಪ್ಪತ್ತಾರೇ. ಚಪ್ಪಲಿಯನ್ನು ದೂರಿದವರು ಸೊನ್ನೆ. ಫೋಟೊಗಳು ಮಾತ್ರ ಬಹಳ ಚೆನ್ನಾಗಿ ಬಂದಿವೆ!

ಆಪರೇಷನ್ ಆಯಿತು, ವಾಕರ್ ಬಂತು. ವ್ಯಾಯಾಮ ಮಾಡಿಸುವಾಕೆ, “ಪಟ್ಟಿ ಇರೋ, ಸೋಲ್ ಗಟ್ಟಿ ಇರೋ ಸ್ಯಾಂಡಲ್ ಹಾಕ್ಸಿ. ಈಗ ನಡೀದಿದ್ರೆ ಆಮೇಲೆ ನಡೆಯೋದು ಕಷ್ಟ” ಎಂದಿದ್ದಾರೆ. ಅತ್ತೆಗೋ ಭಯ; ಬಾತ್‌ರೂಮು ಬಿಟ್ಟು ಎಲ್ಲಿಗೂ ಹೆಜ್ಜೆ ಇಡುವುದಿಲ್ಲ. ಮೊದಲಿನಂಥದ್ದೇ ಬೇಕಂತೆ. ಮೊದಲಿನದನ್ನು ಕೊಂಡ ಲಷ್ಕರ್ ಮೊಹಲ್ಲಾದ ಅಂಗಡಿಯೂ ಸೇರಿ ಹನ್ನೊಂದು ಅಂಗಡಿ ಸುತ್ತಿದೆ. ಗಂಡಸರದ್ದು ಈಗ ಎಲ್ಲ ಕಡೆಯೂ ಆರರಿಂದಲೇ ಶುರು, ಅತ್ತೆಯದು ಐದು.

ನಿನ್ನೆ ಅಳತೆಗೆಂದು, ಕೂತಿದ್ದ ಅತ್ತೆಯ ಪಾದದ ಕೆಳಗೆ ಕಾಗದವಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಅತ್ತೆ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದನ್ನು ನನ್ನ ತಲೆಯ ಮೇಲೆ ಊರಿ, ತಾವಾಗಿಯೇ ಎದ್ದು ನಿಂತರು.

“ನಿಂತ್ರೆ ಪಾದ ಅಗ್ಲ ಆಗುತ್ತೆ ಕಣೋ. ಈಗ ಸರಿಯಾಗಿ ಬರ್ಕೋ.”

ಅದಕ್ಕೇ ಡೈರಿಯ ಈ ಪುಟವನ್ನು ಎಲ್ಲರಿಗೂ ತೆರೆದಿಡುತ್ತಿದ್ದೇನೆ: ಇಂಥ ಸ್ಯಾಂಡಲ್ ಐದನೇ ಸೈಜಿನಲ್ಲಿ ಎಲ್ಲಿ ಸಿಗುತ್ತದೆಂದು ಬಲ್ಲವರು ದಯವಿಟ್ಟು ಒಂದು ಸಾಲು ಬರೆಯಿರಿ. ಬಣ್ಣ ಯಾವುದಾದರೂ ಸರಿ.