ಐವಿ ಕಾಟೇಜ್ ಎಂಬ ಹಡಗಿನ ವಿಚಾರಣೆ

1862ನೇ ಇಸವಿಯ ಮಾರ್ಚ್ ತಿಂಗಳಿನಿಂದ, ಕಾರ್ನ್‌ವಾಲ್ ಸೀಮೆಯ ಪೋರ್ತ್‌ವಾರೆನ್ ಪಟ್ಟಣದಲ್ಲಿ ಕ್ಯಾಪ್ಟನ್ ಬರ್ಟ್ರಮ್ ಟ್ರೆಡಿನ್ನಿಕ್‌ರವರು ಕುಟುಂಬಸಮೇತ ವಾಸವಾಗಿದ್ದ ಮನೆಯು ಒಂದು ಹಡಗಾಗಿತ್ತು. ಅದಕ್ಕೆ ಕಲ್ಲುಹಂಚಿನ ಮಾಡು, ಎರಡು ಹೊಗೆಗೂಡು, ಮುಂದುಗಡೆ ಎಲೆಕೋಸಿನ ಪಾತಿ ಇದ್ದವು. ಸಮುದ್ರ ಅಲ್ಲಿಂದ ಒಂದೂವರೆ ಮೈಲಿ ಕೆಳಗಿತ್ತು. ಈ ಯಾವ ಸಂಗತಿಯೂ ಅದು ಹಡಗಾಗುವುದಕ್ಕೆ ಅಡ್ಡಿಯಾಗಲಿಲ್ಲ.

ಆದದ್ದು ಇಷ್ಟೆ. ಮೂವತ್ತೊಂದು ವರ್ಷ ನೌಕಾಸೇವೆ ಮಾಡಿ ನಿವೃತ್ತರಾದ ಕ್ಯಾಪ್ಟನ್ನರು ಪಿಂಚಣಿಯ ಅರ್ಜಿ ತುಂಬುವಾಗ ‘ವಿಳಾಸ’ ಎಂಬ ಅಂಕಣವನ್ನು ಖಾಲಿ ಬಿಟ್ಟು, ಅದರ ಕೆಳಗಿನ ‘ವಶದಲ್ಲಿರುವ ಹಡಗು’ ಎಂಬಲ್ಲಿ ಕಣ್ತಪ್ಪಿನಿಂದ ತಮ್ಮ ಮನೆಯ ಹೆಸರು ಐವಿ ಕಾಟೇಜ್ ಎಂದು ಬರೆದರು. ಲಂಡನ್ನಿನ ತೇಲುಸ್ವತ್ತುಗಳ ಕಚೇರಿಯವರು ಅದನ್ನು ಕೂಡಲೇ ದಾಖಲು ಮಾಡಿಕೊಂಡು, ಹೆಂಡತಿ ಜಾರ್ಜಿಯಾನಾರನ್ನು ಖಲಾಸಿಗಳ ಮೇಸ್ತ್ರಿಯೆಂದೂ ಮಗಳು ಲವೀನಿಯಾಳನ್ನು ಹಡಗಿನ ಬಡಗಿಯೆಂದೂ ನೇಮಿಸಿದರು. ತಪ್ಪಾಗಿದೆ ಎಂದು ಕ್ಯಾಪ್ಟನ್ನರು ಪತ್ರ ಬರೆದರು. ಉತ್ತರ ಹೀಗೆ ಬಂತು:

“ನಿಯಮ 14. ತಾನು ಹಡಗಲ್ಲವೆಂದು ವಾದಿಸುವ ಯಾವುದೇ ಹಡಗು, ಸದರಿ ವಾದದ ಪರಿಶೀಲನೆಗಾಗಿ ಹತ್ತಿರದ ಬಂದರಿಗೆ ಖುದ್ದಾಗಿ ಹಾಜರಾಗತಕ್ಕದ್ದು.”

ಕ್ಯಾಪ್ಟನ್ನರು ಇನ್ನೊಂದು ಪತ್ರ ಬರೆಯಲು ಕೂತಾಗ ಬಾಗಿಲ ಮುಂದೆ, ಹಡಗಿನ ಪಾಲಿಗೆಂದು ಸರ್ಕಾರ ಕಳಿಸಿದ ಕಲ್ಲಿದ್ದಲಿನ ಗಾಡಿ ನಿಂತಿತ್ತು.

“ಒಳಗೆ ಹಾಕಿಸ್ತಿದ್ದೀನಿ,” ಎಂದರು ಜಾರ್ಜಿಯಾನಾ. “ನೀವು ನಿಮ್ಮ ಪಾಡಿಗೆ ಬರೀತಿರಿ. ಆದ್ರೆ ಚಳಿಗಾಲ ಮುಗಿದ್ಮೇಲೆ ಅಂಚೆಗೆ ಹಾಕಿ.”

ಆ ಚಳಿಗಾಲ ಆರು ವರ್ಷ ನಡೆಯಿತು.

1868ರಲ್ಲಿ ಕ್ಯಾಪ್ಟನ್ನರು ‘ಸರ್ಕಾರಿ ಪೋಲು ನಿಲ್ಲಿಸುವೆ’ ಎಂಬ ಒಂದೇ ಮಾತಿನ ಮೇಲೆ ಚುನಾವಣೆಗೆ ನಿಂತು ಮೂರು ಮತಗಳಿಂದ ಗೆದ್ದರು. ಆಗಲೇ ನಾನು ಅವರ ಕಾರ್ಯದರ್ಶಿಯಾಗಿ ಸೇರಿದ್ದು. ಹಡಗುಗಳಲ್ಲಿ ಆ ಹುದ್ದೆ ಇಲ್ಲವಾದ್ದರಿಂದ ಇಲಿ ಹಿಡಿಯುವ ಹಡಗಿನ ಬೆಕ್ಕಿನ ಖಾಲಿ ಜಾಗಕ್ಕೆ ನನ್ನನ್ನು ಹಾಕಿಕೊಳ್ಳಲಾಯಿತು. ವಾರಕ್ಕೆ ಎರಡು ಮೀನು ಸಿಗುತ್ತಿತ್ತು. ನನ್ನದೇನೂ ದೂರಿಲ್ಲ.

ಸಂಸತ್ತಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, ಐದು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದಡಿಯೂ ಕದಲದೆ ಸರ್ಕಾರದ ಕಲ್ಲಿದ್ದಲು ಸುಡುತ್ತಿರುವ ಹಡಗು ಯಾವುದಾದರೂ ಉಂಟೇ ಎಂಬುದು. ಉಂಟು, ಒಂದೇ ಒಂದು, ಎಂದು ಉತ್ತರ ಬಂತು. ಸದಸ್ಯರೆಲ್ಲ “ನಾಚಿಕೆಗೇಡು” ಎಂದು ಕೂಗಿದರು. ಕ್ಯಾಪ್ಟನ್ನರು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ, ಎದ್ದು ನಿಂತು, ಆ ಹಡಗಿನ ಹೆಸರು ಹೇಳಬೇಕೆಂದು ಪಟ್ಟು ಹಿಡಿದರು. ಮಂತ್ರಿಗಳು ಹೇಳಿದರು. ಕ್ಯಾಪ್ಟನ್ನರು ಕೂತುಕೊಂಡರು.

ವಿಚಾರಣಾ ಸಮಿತಿ ನೇಮಕವಾಯಿತು. ವಿಷಯ ಎತ್ತಿದವರೇ ಅಧ್ಯಕ್ಷರಾಗುವುದು ಸಂಪ್ರದಾಯವಾದ್ದರಿಂದ ಕ್ಯಾಪ್ಟನ್ನರು ಅಧ್ಯಕ್ಷರಾದರು. ತೇಲುಸ್ವತ್ತುಗಳ ಕಚೇರಿಯಿಂದ ಆಸ್ಬರ್ಟ್ ಸ್ಪರ್ಲಿಂಗ್ ಎಂಬ ತೆಳ್ಳನೆಯ ತಪಾಸಣಾಧಿಕಾರಿ ಅಳತೆಯ ಹಗ್ಗ ಹಿಡಿದು ಬೆಟ್ಟ ಹತ್ತಿ ಬಂದರು. ಹಗ್ಗವನ್ನು ಅಡಿಗೆಮನೆಯ ಕಿಟಕಿಯಿಂದ ಇಳಿಬಿಟ್ಟು ಬರೆದುಕೊಂಡರು: “ನೀರಿನ ಆಳ: ಸೊನ್ನೆ. ಹಡಗು ನೆಲ ಕಚ್ಚಿದೆ.”

“ನೆಲ ಕಚ್ಚಿಲ್ಲ,” ಎಂದರು ಜಾರ್ಜಿಯಾನಾ. “ನೆಲದ ಮೇಲೇ ಕಟ್ಟಿದ್ದು. ಕೇಸರಿ ಬನ್ನು ತಗೊಳ್ಳಿ.”

ಅಷ್ಟರಲ್ಲಿ ಮಾಡಿನಿಂದ ಒಂದು ಹನಿ ಸ್ಪರ್ಲಿಂಗರ ಪುಸ್ತಕದ ಮೇಲೆ ಬಿತ್ತು. ಅವರು ಮೇಲೆ ನೋಡಿ ಹಿಂದಿನ ಸಾಲನ್ನು ಹೊಡೆದುಹಾಕಿದರು. “ನೀರು ಒಳಗೆ ಬರ್ತಿದೆ ಅಂದ್ಮೇಲೆ ಹೊರಗೆ ನೀರಿದೆ ಅಂತಲೇ ಲೆಕ್ಕ, ಅಮ್ಮಾವ್ರೆ,” ಎಂದು ಸಮಾಧಾನ ಹೇಳಿದರು.

ಇದೆಲ್ಲ ನಗುವ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಲವೀನಿಯಾಳಿಗೆ ಊರಿನ ಹಲ್ಲಿನ ವೈದ್ಯ ಸೈಲಸ್ ಹಾಕಡೇ ಜೊತೆ ಮದುವೆ ಗೊತ್ತಾಗಿತ್ತು. ಬರುವ ಶನಿವಾರ, ಬೆಟ್ಟದ ಚರ್ಚಿನಲ್ಲಿ. ಆದರೆ ನಿಯಮ 41ರಂತೆ ಹಡಗಿನ ಬಡಗಿಯು ಇಪ್ಪತ್ತೊಂದು ವರ್ಷ ಸೇವೆ ಮುಗಿಸುವವರೆಗೆ ಹಡಗು ಬಿಟ್ಟು ಇಳಿಯತಕ್ಕದ್ದಲ್ಲ. ಇನ್ನೂ ಹದಿನೈದು ವರ್ಷ ಬಾಕಿಯಿತ್ತು. ಮನೆ ಹಡಗಾದರೆ ಮಗಳಿಗೆ ಮದುವೆಯಿಲ್ಲ. ಮನೆ ಮನೆಯಾದರೆ, ಆರು ವರ್ಷ ಸರ್ಕಾರದ ಕಲ್ಲಿದ್ದಲು ಸುಟ್ಟ ಅಪ್ಪನಿಗೆ ಸಂಸತ್ತಿನಲ್ಲಿ ಜಾಗವಿಲ್ಲ.

ಗುರುವಾರ ಬೆಳಿಗ್ಗೆ ಎಲೆಕೋಸಿನ ಪಾತಿಯ ಹತ್ತಿರ ಅಪ್ಪ ಮಗಳು ಮಾತಾಡಿದ್ದನ್ನು ನಾನು ಕೇಳಿಸಿಕೊಂಡೆ.

“ಹಡಗು ಅಂತಲೇ ಹೇಳ್ಬಿಡಿ ಅಪ್ಪ,” ಎಂದಳು ಲವೀನಿಯಾ. “ಸೈಲಸ್ ಕಾಯ್ತಾನೆ. ಹಲ್ಲು ಕೀಳೋರಿಗೆ ತಾಳ್ಮೆ ಜಾಸ್ತಿ.”

“ಹದಿನೈದು ವರ್ಷಕ್ಕೆ ಅವನ ಹಲ್ಲೇ ಬಿದ್ದಿರುತ್ತೆ, ಮಗಳೇ.”

“ನಿಮಗೆ ಆ ಕುರ್ಚಿ ಇಷ್ಟ ಅಲ್ವಾ?”

“ಇಷ್ಟ,” ಎಂದರು ಕ್ಯಾಪ್ಟನ್ನರು. ಬಗ್ಗಿ ಎಲೆಕೋಸಿನಿಂದ ಒಂದು ಹುಳ ಹೆಕ್ಕಿ ಎಸೆದರು. “ನಾಳೆ ನಿಜ ಹೇಳ್ತೀನಿ.”

“ಅಭ್ಯಾಸ ಇದೆಯಾ?”

“ರಾಜಕೀಯಕ್ಕೆ ಬರೋ ಮುಂಚೆ ಇತ್ತು.”

ಅವಳು ನಕ್ಕಳು, ಆಮೇಲೆ ಅವರ ತೋಳಿಗೆ ಹಣೆಯೊತ್ತಿ ನಿಂತಳು. ಆ ಮನುಷ್ಯ ಎರಡು ಯುದ್ಧ ನೋಡಿದವರು. ಅಂದು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಒಳಗೆ ಹೋದರು.

ಶುಕ್ರವಾರ ಸಮಿತಿಯು ಐವಿ ಕಾಟೇಜಿನ ಊಟದ ಕೋಣೆಯಲ್ಲಿ ಸೇರಿತು. ಅಧ್ಯಕ್ಷರಿಗೊಂದು ಕುರ್ಚಿ, ಸಾಕ್ಷಿಗೊಂದು ಕುರ್ಚಿ. ಕ್ಯಾಪ್ಟನ್ನರು ಮೊದಲನೆಯದರಲ್ಲಿ ಕೂತು “ಸಾಕ್ಷಿ ನಿಜವನ್ನೇ ಹೇಳತಕ್ಕದ್ದು” ಎಂದು ಗದರಿದರು. ಎದ್ದುಹೋಗಿ ಎರಡನೆಯದರಲ್ಲಿ ಕೂತು “ಆಗಲಿ” ಎಂದರು. ನಂತರ ತಡೆಯದೆ ಹೇಳಿಬಿಟ್ಟರು:

“ಇದು ಮನೆ. ಮೊದಲಿನಿಂದಲೂ ಮನೆಯೇ. ಕಲ್ಲಿದ್ದಲು ಸುಟ್ಟಿದ್ದು ನಾನು. ಶಿಕ್ಷೆ ಏನಿದ್ರೂ ನನಗಿರಲಿ, ಹುಡುಗೀನ ಬಿಟ್ಬಿಡಿ.”

ಸ್ಪರ್ಲಿಂಗರು ಲೇಖನಿ ಕೆಳಗಿಟ್ಟರು.

“ತಮ್ಮ ಹೇಳಿಕೆ ಸ್ವೀಕರಿಸೋಕಾಗಲ್ಲ ಸರ್,” ಎಂದರು ಮರುಕದಿಂದ. “ತಾವು ಸಾಕ್ಷಿಯಾಗಿರೋದು ಈ ಹಡಗಿನ ಕ್ಯಾಪ್ಟನ್ ಅಂತ. ಹಡಗೇ ಇಲ್ಲ ಅಂದ್ರೆ ತಾವು ಅದರ ಕ್ಯಾಪ್ಟನ್ ಅಲ್ಲ. ಅಲ್ಲದವರ ಸಾಕ್ಷಿ ನಡೆಯಲ್ಲ. ಹಡಗು ಇದೆ ಅಂತ ಹೇಳಿದ್ರೆ ಮಾತ್ರ, ಹಡಗಿಲ್ಲ ಅಂತ ಹೇಳೋ ಅಧಿಕಾರ ತಮಗೆ ಬರುತ್ತೆ.”

ಹೇಳಿಕೆಯನ್ನು ಕಡತದಿಂದ ತೆಗೆಯಲಾಯಿತು. ಉಳಿದ ದಾಖಲೆಗಳನ್ನು ನೋಡಲಾಗಿ, ಆರು ವರ್ಷಗಳಲ್ಲಿ ಸದರಿ ಹಡಗು ಒಂದು ಸಲವೂ ಬಂಡೆಗೆ ಬಡಿದಿಲ್ಲ, ಯಾರೂ ಮುಳುಗಿಲ್ಲ, ಒಬ್ಬ ಖಲಾಸಿಯೂ ಓಡಿಹೋಗಿಲ್ಲ ಎಂದು ಕಂಡುಬಂತು. ಇಡೀ ನೌಕಾಪಡೆಯಲ್ಲಿ ಇಂಥ ಇನ್ನೊಂದು ಹಡಗಿರಲಿಲ್ಲ. ಕ್ಯಾಪ್ಟನ್ನರ ಹೆಸರು ಅಡ್ಮಿರಲ್ ಪದವಿಗೆ ಶಿಫಾರಸಾಯಿತು. ಅವರು ಮಗಳ ಮುಖ ನೋಡಲಾರದೆ ಗೋಡೆ ನೋಡುತ್ತ ಅಭಿನಂದನೆ ಸ್ವೀಕರಿಸಿದರು.

ಆಗ, ಅಷ್ಟು ಹೊತ್ತೂ ಸ್ಪರ್ಲಿಂಗರ ನಿಯಮದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದ ಜಾರ್ಜಿಯಾನಾ ಕನ್ನಡಕ ತೆಗೆದರು.

“ಹಡಗಿಗೆ ಸೇರಿದ ದೋಣಿ, ಹಡಗಿನದೇ ಭಾಗ ಅಂತಿದೆ ಇಲ್ಲಿ. ನಿಯಮ 63. ಬಡಗಿ ದೋಣಿಗೆ ಹೋದ್ರೆ ಹಡಗು ಬಿಟ್ಟ ಹಾಗಾಗುತ್ತಾ?”

“ಆಗಲ್ಲ, ಅಮ್ಮಾವ್ರೆ.”

“ಹಾಗಿದ್ರೆ ಚರ್ಚನ್ನ ನಮ್ಮ ದೋಣಿ ಅಂತ ಬರ್ಕೊಳ್ಳಿ.”

ಸ್ಪರ್ಲಿಂಗರು ಕಿಟಕಿಯಿಂದ ಚರ್ಚನ್ನು ದೀರ್ಘವಾಗಿ ನೋಡಿದರು. “ಎಷ್ಟು ಜನ ಹಿಡಿಸುತ್ತೆ?” ಎಂದು ಕೇಳಿ ಬರೆದುಕೊಂಡರು.

ಪಾದ್ರಿ ಪೆನ್‌ಹಲೋ ಅವರಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ: “ದೋಣಿಗೂ ಕಲ್ಲಿದ್ದಲು ಕೊಡ್ತಾರಾ?” ಶನಿವಾರ ಮದುವೆ ಸಾಂಗವಾಗಿ ನಡೆಯಿತು. ಹೊಸ ಸಿಬ್ಬಂದಿಗೆ ಹುದ್ದೆ ಖಾಲಿಯಿರಲಿಲ್ಲವಾದ್ದರಿಂದ ವರನನ್ನು ಹೆಚ್ಚುವರಿ ಲಂಗರು ಎಂದು ದಾಖಲಿಸಲಾಯಿತು. ಲವೀನಿಯಾ ಇಂದಿಗೂ ಅವನನ್ನು ಹಾಗೇ ಕರೆಯುತ್ತಾಳೆ.

ಚರ್ಚು ಬೆಚ್ಚಗಾದದ್ದನ್ನು ನೋಡಿ ಶಾಲೆ, ಹೆಂಡದಂಗಡಿ, ಪುರಸಭೆ, ಊರಿನ ಉಳಿದ ಮನೆಗಳು ಎಲ್ಲವೂ ಅರ್ಜಿ ಹಾಕಿದವು. ಮರುವರ್ಷದ ವಸಂತದ ಹೊತ್ತಿಗೆ ಬೆಟ್ಟದ ಮೇಲೆ ನಲವತ್ತು ಹಡಗುಗಳಾದವು. ಇಷ್ಟು ಹಡಗಿರುವ ಊರಿನಲ್ಲಿ ಒಂದೂ ಮನೆಯಿಲ್ಲದಿರುವುದು ಕಚೇರಿಯ ಗಮನಕ್ಕೆ ಬಂದು, ಪಟ್ಟಿ ಸರಿದೂಗಿಸುವ ಸಲುವಾಗಿ ಬಂದರಿನಲ್ಲಿದ್ದ ಮೀನುಗಾರರ ದೋಣಿಗಳನ್ನೆಲ್ಲ ಮನೆಗಳೆಂದು ಘೋಷಿಸಲಾಯಿತು. ಮೀನುಗಾರರು ಒಂದು ದಿನ ಗೊಣಗಿದರು. ಮರುದಿನ ದೋಣಿಗಳ ಮೇಲೆ ಮನೆ ನಂಬರು ಬರೆದುಕೊಂಡರು.

ಮೊನ್ನೆ ಅಂಚೆಯವನು ಕಾಗದ ಹಿಡಿದು ಬಂದರಿನಲ್ಲಿ ವಿಚಾರಿಸುತ್ತಿದ್ದ. ಬಲೆ ಹೊಲಿಯುತ್ತ ಕೂತಿದ್ದ ಮುದುಕ ಜೇಗೋ ತಲೆಯೆತ್ತದೆ ಹೇಳಿದ:

“ಏಳನೇ ನಂಬರ್ ಮನೆ ಮೀನಿಗೆ ಹೋಗಿದೆ ಕಣಪ್ಪ. ಗಾಳಿ ಚೆನ್ನಾಗಿದ್ರೆ ಸಂಜೆಗೆ ಬರುತ್ತೆ.”

ಅಂಚೆಯವನು ಸರಿಯೆಂದು ಒಂದು ಪೀಪಾಯಿಯ ಮೇಲೆ ಕೂತು ಕಾದ.