ಏಜೆಂಟು ಗೊತ್ತುಮಾಡಿದ ಬೀಗರೂಟ

ನಮಗೆ ಏನೇನು ಗೊತ್ತಿದೆ ಎನ್ನುವುದು ನಮಗೇ ಗೊತ್ತಿರುವುದಿಲ್ಲ, ಇದು ನನ್ನ ಈಚಿನ ಸಂಶೋಧನೆ. ಗೊತ್ತಿಲ್ಲದ್ದನ್ನು ಬರೆಯುವುದು ಸುಲಭ. ಯಾರನ್ನಾದರೂ ಕೇಳಿ ಬರೆದರಾಯಿತು. ಗೊತ್ತಿರುವುದನ್ನು ಬರೆಯಲು ಕೂತಾಗಲೇ ಪಜೀತಿ. ಹೊಟ್ಟೆಪಾಡಿಗೆ ನಾನು ಮಾಡುವುದು ಇದನ್ನೇ. ಮಂಡ್ಯದ ಒಂದು ಸಣ್ಣ ಆಫೀಸಿನಲ್ಲಿ, ಮದುವೆ ಕೆಲಸ ನೋಡಿಕೊಳ್ಳುವ ಸಾಫ್ಟ್‌ವೇರಿಗೆ ವಿವರಣೆ ಬರೆಯುತ್ತೇನೆ. ಮೊದಲು ಮನುಷ್ಯರಿಗಾಗಿ ಬರೆಯುತ್ತಿದ್ದೆ. ಅವರು ಓದುತ್ತಿರಲಿಲ್ಲ, ಹಾಗಾಗಿ ತಪ್ಪೂ ಆಗುತ್ತಿರಲಿಲ್ಲ. ಈಗ ಎಐ ಏಜೆಂಟು ಬಂದಿದೆ. ಅಡುಗೆಯವರನ್ನು ಹಿಡಿಯಲು ಒಂದು ಟೂಲು, ನೆಂಟರಿಗೆ ಸುದ್ದಿ ಮುಟ್ಟಿಸಲು ಇನ್ನೊಂದು, ಹೀಗೆ ಅದರ ಕೈಗೆ ಹತ್ತಾರು ಟೂಲು ಕೊಟ್ಟಿದ್ದೇವೆ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಎನ್ನುವುದನ್ನು ಅದು ನನ್ನ ವಿವರಣೆ ಓದಿಯೇ ತೀರ್ಮಾನಿಸುತ್ತದೆ. ಅದೂ ಒಂದಕ್ಷರ ಬಿಡದೆ! ನನ್ನ ಗಂಡನಂತೂ ಸಾಮಾನಿನ ಚೀಟಿಯನ್ನೇ ಅರ್ಧ ಓದಿ ಬರುವವರು.

ಮೈದುನ ಸಿದ್ದರಾಜುವಿನ ಮದುವೆ ಗೊತ್ತಾದಾಗ ನಾನು ಸುಮ್ಮನಿರಬಹುದಿತ್ತು. ಹೆಣ್ಣು ಬೆಳಕವಾಡಿಯವಳು. ಭಾನುವಾರ ಮದ್ದೂರಿನ ಛತ್ರದಲ್ಲಿ ಧಾರೆ, ಆಮೇಲೆ ಕೊಪ್ಪದ ನಮ್ಮ ಮನೆಯಲ್ಲಿ ಬೀಗರೂಟ. ಧಾರೆಯಲ್ಲಿ ಹೆಚ್ಚುಕಡಿಮೆಯಾದರೆ ಪುರೋಹಿತರನ್ನು ಬೈದುಕೊಳ್ಳಬಹುದು. ಬೀಗರೂಟದಲ್ಲಿ ಆದರೆ ಮನೆಯ ಮರ್ಯಾದೆಗೇ ಬರುತ್ತದೆ. ಹೆಣ್ಣಿನ ಕಡೆಯವರಿಗೆ ಹೊಟ್ಟೆ ತುಂಬ ಬಾಡೂಟ ಹಾಕಿ ಕಳಿಸಿದರೇ ನೆಂಟಸ್ತಿಕೆ ಗಟ್ಟಿ. ಅಂಥದ್ದನ್ನು, "ನೀವು ಆರಾಮಾಗಿರಿ ಅತ್ತೆ, ನಮ್ಮ ಏಜೆಂಟು ನೋಡಿಕೊಳ್ಳುತ್ತೆ" ಎಂದು ನಾನೇ ಮೈಮೇಲೆ ಎಳೆದುಕೊಂಡೆ.

"ಅದ್ಯಾವೂರ ಏಜೆಂಟವ್ವಾ?" ಎಂದರು ಅತ್ತೆ.

ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಏಜೆಂಟು ವರದಿ ಒಪ್ಪಿಸಿತು. ಅಡುಗೆಯವರು, ಮಾಂಸದಂಗಡಿ, ಶಾಮಿಯಾನದವರು, ಎಲ್ಲರಿಗೂ ಒಟ್ಟಿಗೆ ಬಿಡುವಿರುವ ದಿನ ಸಿಕ್ಕಿದೆಯಂತೆ, ನೆಂಟರಿಗೆಲ್ಲ ತಿಳಿಸಿಯೂ ಆಗಿದೆಯಂತೆ. ಭಲೇ ಎಂದುಕೊಂಡೆ. ಯಾವ ದಿನವೆಂದು ನೋಡುವ ಮೊದಲೇ ಬೆಳಕವಾಡಿಯಿಂದ ಹೆಣ್ಣಿನ ತಂದೆಯ ಫೋನು ಬಂತು.

"ಏನವ್ವಾ, ಸೋಮಾರ ಬಾಡೂಟಕ್ಕೆ ಕರ್ದಿದ್ದೀರಿ? ಮಾದಪ್ಪನ ಒಕ್ಕಲು ಕಣವ್ವ ನಾವು. ಬರ್ಬೇಡಿ ಅನ್ನಂಗಿದ್ರೆ ನೇರವಾಗೇ ಅಂದ್ಬುಡಿ."

ಸೋಮವಾರ ಮಾದಪ್ಪನ ವಾರ, ನಮ್ಮ ಕಡೆ ಬಾಡಿನ ಮಾತೇ ಇಲ್ಲ. ಬಾಡಿನ ಅಡುಗೆಯವರಿಗೆ ಅವತ್ತು ಬಿಡುವಿರದೆ ಇನ್ನೇನು! ತಪ್ಪು ಏಜೆಂಟಿನದು ಎಂದು ವಿವರಿಸಿದೆ. "ಮಿಸೀನ್‌ಗೆ ಮಾದಪ್ಪ ಗೊತ್ತಿಲ್ಲ, ಸರಿ. ನಿಮ್ಗೂ ಗೊತ್ತಿಲ್ವಾ?" ಎಂದು ಅವರು ಫೋನಿಟ್ಟರು. ಮದುವೆಗೆ ಮುಂಚೆಯೇ ಬೀಗರು ಮುನಿಸಿಕೊಂಡಿದ್ದರು.

ಬೀಗರೂಟದ ಟೂಲಿನ ವಿವರಣೆ ತೆಗೆದು ನೋಡಿದೆ. "ಮದುವೆಯ ನಂತರ, ಎಲ್ಲರಿಗೂ ಬಿಡುವಿರುವ ಮೊದಲ ದಿನ ನೋಡಿ ಬೀಗರೂಟ ಗೊತ್ತುಮಾಡುತ್ತದೆ." ನಾನೇ ಬರೆದದ್ದು. ಏಜೆಂಟನ್ನು ಬೈಯಲು ಬಾಯಿ ಬರಲಿಲ್ಲ. ಆದರೆ ಒಂದು ಕುತೂಹಲ ಮಾತ್ರ ಹುಟ್ಟಿಬಿಟ್ಟಿತು: ಇನ್ನೂ ಏನೇನು ಬರೆಯದೆ ಬಿಟ್ಟಿದ್ದೇನೆ? ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ.

"ಅತ್ತೆ, ಯಾವ್ಯಾವ ದಿನ ಬಾಡೂಟ ಮಾಡಬಾರದು?"

"ಸೋಮಾರ. ಸನಿವಾರ."

"ಹಬ್ಬ ಬಂದರೆ?"

"ಯಾವಬ್ಬ? ಮಾರಮ್ಮನಬ್ಬಕ್ಕೆ ಬಾಡಿಲ್ದೆ ಆಯ್ತದಾ? ಗೌರಿಯಬ್ಬಕ್ಕೆ ಯಾರಾರ ಬಾಡು ಮುಟ್ಟಾರಾ? ಇದ್ನೂ ಏಳ್ಬೇಕಾ?"

ನನಗೆ ಹೊಳೆದದ್ದು ಆಗಲೇ. ಯಾವುದಕ್ಕೆ ಜನ "ಇದ್ನೂ ಏಳ್ಬೇಕಾ" ಎನ್ನುತ್ತಾರೋ ಅದನ್ನೇ ಮೊದಲು ಬರೆಯಬೇಕು. ಕೇಳುತ್ತಾ ಹೋದೆ, ಅತ್ತೆ ಬೈಯುತ್ತಾ ಹೋದರು. ಒಂದೊಂದು ಬೈಗುಳಕ್ಕೂ ಒಂದೊಂದು ಸಾಲು ಸೇರಿತು. ನನಗಂತೂ ಅವರೆಕಾಯಿ ಸುಲಿದಷ್ಟೇ ಖುಷಿ. ಸಿಪ್ಪೆಯೊಳಗೆ ಇಷ್ಟೊಂದು ಕಾಳಿತ್ತೇ ಅನ್ನಿಸಿತು. ಕೊನೆಗೆ, "ಅನುಮಾನ ಬಂದರೆ ನೀನೇ ತೀರ್ಮಾನಿಸಬೇಡ, ಮನೆಯ ಹಿರಿಯರನ್ನು ಕೇಳು" ಎಂದು ಬರೆದು, ಹೊಸ ದಿನ ಹುಡುಕಲು ಏಜೆಂಟಿಗೆ ಹೇಳಿದೆ.

ನನ್ನ ಫೋನು ಟಿಂಗ್ ಎಂದಿತು. ಪಕ್ಕದಲ್ಲಿದ್ದ ಗಂಡ ಎತ್ತಿಕೊಂಡು ಜೋರಾಗಿ ಓದಿದರು, ಈ ಸಲ ಮಾತ್ರ ಪೂರ್ತಿಯಾಗಿ: "ಮಂಗಳವಾರ ಸಂಕಷ್ಟಿ ಇದೆ. ಬಾಡೂಟ ಇಟ್ಟರೆ ಪರವಾಗಿಲ್ಲವೇ? ಈ ಮನೆಯಲ್ಲಿ ಎಲ್ಲರಿಗೂ ಕೆಲಸ ಹೇಳುವವರು ತಾವಾದ್ದರಿಂದ, ಹಿರಿಯರೆಂದು ತಮ್ಮನ್ನೇ ಕೇಳುತ್ತಿದ್ದೇನೆ."

ನಾಲಗೆ ಕಚ್ಚಿಕೊಂಡೆ. ಹಿರಿಯರು ಯಾರೆಂದು ನಾನು ಬರೆದಿರಲಿಲ್ಲ. ಅದನ್ನೂ ಹೇಳಬೇಕಾ?

ಅತ್ತೆ ಅವರೆಕಾಯಿಯಿಂದ ತಲೆಯೆತ್ತದೆ ಮಗನಿಗೆ ಹೇಳಿದರು: "ಅದ್ಕೆ ಸೋಮಾರ ಗೊತ್ತಿಲ್ದಿದ್ರೂ ನಮ್ಮನೆ ಸಮಾಚಾರ ಸರ್ಯಾಗೇ ತಿಳ್ಕಂಡದೆ ಕಣ್ಲಾ. ಬುದ್ವಾರ ಮಡಿಕೋ ಅನ್ನು."

ಹೊಸ ದಿನದ ಊಟಕ್ಕೆ ಈ ಸಲ ನಾನೇ ಬೆಳಕವಾಡಿಗೆ ಹೋಗಿ ಕರೆದು ಬಂದೆ. ಬುಧವಾರ ಬೀಗರು ವ್ಯಾನು ತುಂಬ ಬಂದರು. ಹೆಣ್ಣಿನ ತಂದೆ ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ಮುನಿಸು ಮರೆತು, "ಕೊನೆಗೆ ಈ ದಿನ ಗೊತ್ಮಾಡ್ದೋರು ಯಾರವ್ವ?" ಎಂದು ನಕ್ಕರು. ಅತ್ತೆ ಸಾರಿನ ಸೌಟಿನಲ್ಲೇ ನನ್ನ ಕಡೆ ತೋರಿಸಿ, "ಇನ್ಯಾರು, ನಮ್ಮನೆ ಇರೀಕರು" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

"ಹಿರಿಯರೆಂದರೆ ಅತ್ತೆ" ಎಂಬ ಒಂದು ಸಾಲನ್ನು ವಿವರಣೆಗೆ ಸೇರಿಸಬೇಕೆಂದು ಅವತ್ತಿನಿಂದ ದಿನಾ ಆಫೀಸಿನಲ್ಲಿ ಕೂರುತ್ತೇನೆ. ಏನೋ, ಇನ್ನೂ ಸೇರಿಸಿಲ್ಲ.