ತಲೆ ಬಾಲ ಕೂಡದ ಹಾವು

ಮೂಢನಂಬಿಕೆಯನ್ನು ತರಗತಿಯಲ್ಲಿ ಖಂಡಿಸುವುದು ಸುಲಭ. ಅದು ಸ್ವಂತ ಸೊಂಟಕ್ಕೇ ಬಂದು ಕೂತಾಗ ಕಷ್ಟ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಬೋಧಿಸಿದ್ದ ನನಗೆ ಇದು ತಿಳಿದದ್ದು ತೊಂಬತ್ತರ ದಶಕದ ಕೊನೆಗೆ, ಬಲಪಕ್ಕೆಯಲ್ಲಿ ಉರಿಯುವ ನೀರ್ಗುಳ್ಳೆಗಳ ಸಾಲು ಎದ್ದಾಗ. ಯಾವುದೋ ಹುಳ ಕಚ್ಚಿರಬೇಕೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅರಕಲಗೂಡಿನಿಂದ ಬಂದಿದ್ದ ಸೋದರತ್ತೆ ಅಂಗಿ ಎತ್ತಿ ನೋಡಿ, "ಸರ್ಪಸುತ್ತು ಕಣ್ಲಾ ಇದು! ಸ್ವಾಂಟ ಸುತ್ಕೊಂಡು ತಲೆ ಬಾಲ ಕೂಡುದ್ರೆ ಮುಗೀತು" ಎಂದುಬಿಟ್ಟರು. ಏನು ಮುಗೀತು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸರ್ಪಕ್ಕೆ ಶಾಂತಿಯಾಗಲೆಂದು ಅತ್ತೆ ಕೆಮ್ಮಣ್ಣು ಕಲಸಿ ಗುಳ್ಳೆಗಳ ಮೇಲೆ ಹಾವು ಬರೆದರು. ಹೆಡೆಗೆ ಎರಡು ಕಣ್ಣನ್ನೂ ಇಟ್ಟರು. ನಾನು ನಕ್ಕೆ. ನಕ್ಕವನೇ ಮರುದಿನ ಹೆಂಡತಿಯ ಹೊಲಿಗೆ ಟೇಪನ್ನು ಬಚ್ಚಲಿಗೆ ಒಯ್ದು, ತಲೆಗೂ ಬಾಲಕ್ಕೂ ಎಷ್ಟು ಅಂತರವಿದೆಯೆಂದು ಕದ್ದು ಅಳೆದೆ. ಹದಿನೆಂಟು ಇಂಚು. ಮೂರನೆಯ ದಿನ ಹದಿನಾಲ್ಕು. ಐದನೆಯ ದಿನ ಹನ್ನೊಂದು! ಟೇಪು ಹುಡುಕುತ್ತ ಬಂದ ಹೆಂಡತಿಗೆ ಸಿಕ್ಕಿಬಿದ್ದೆ. "ಮಕ್ಕಳಿಗೆ ಇದೆಲ್ಲ ಸುಳ್ಳು ಅಂತ ಪಾಠ ಮಾಡ್ತೀರಿ, ಇಲ್ಲಿ ಯಾಕ್ರೀ ನಡುಗ್ತಿದ್ದೀರಿ?" ಎಂದು ರೇಗಿದಳು. ಆಮೇಲೆ ತಾನೇ ಒಂದು ಸಲ ಅಳೆದು ನೋಡಿ, ನನ್ನನ್ನು ಹಾಸನದ ಬಸ್ಸು ಹತ್ತಿಸಿದಳು.

ಡಾಕ್ಟರು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರು. ಅರ್ಧ ಹಾವು ಹತ್ತಿಗೇ ಬಂತು. "ಇದು ಮಲಗಿದಾಗ ಬೆವರಿಗೆ ಎರಡೂ ಕಡೆ ಹರಡಿರೋ ಕೆಮ್ಮಣ್ಣು ಮೇಷ್ಟ್ರೇ. ಗುಳ್ಳೆ ಇದ್ದಲ್ಲೇ ಇದೆ. ಒಂದೇ ನರದ ಜಾಡಲ್ಲಿ ಬರೋ ಕಾಯಿಲೆ ಇದು, ಬೆನ್ನುಮೂಳೆ ದಾಟಿ ಸೊಂಟ ಸುತ್ತೋದಿಲ್ಲ" ಎಂದರು. ಚಿಕ್ಕಂದಿನಲ್ಲಿ ನನಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಆಗಿತ್ತಲ್ಲ, ಅದೇ ವೈರಸ್ಸಂತೆ. ಮೈಯ ಕಾವಲುಪಡೆ ಎಲ್ಲವನ್ನೂ ಬಡಿದು ಹಾಕಿದೆನೆಂದು ಬೀಗುವಾಗ, ಒಂದಿಷ್ಟು ನರದ ಬುಡಕ್ಕೆ ನುಸುಳಿ ಕೂತುಬಿಡುತ್ತವಂತೆ. ಅಲ್ಲಿ ಬೆಳೆಯುವುದೂ ಇಲ್ಲ, ಗುರುತು ತೋರಿಸುವುದೂ ಇಲ್ಲ. ಕಾವಲಿನವರು ಯಾರನ್ನು ಹಿಡಿಯಬೇಕು? ಜನಗಣತಿ ಡ್ಯೂಟಿ ಹಂಚುವ ದಿನ ಸ್ಟಾಫ್ ರೂಮಿನ ಬೀರುವಿನ ಮರೆಯಲ್ಲಿ ಉಸಿರು ಬಿಡದೆ ಕೂರುವ ನನಗೆ ಈ ಉಪಾಯ ಹೊಸದೇನಲ್ಲ. ವಯಸ್ಸಾಗಿ ಕಾವಲು ಸಡಿಲವಾದಾಗ ಅದೇ ನರ ಹಿಡಿದು ಇಳಿದು ಬರುತ್ತವಂತೆ.

ನಾನು ಸಾಯುವುದಿಲ್ಲ! ಬಸ್ಸು ಶಾಂತಿಗ್ರಾಮ ದಾಟುವಾಗ ಪಕ್ಕದಲ್ಲಿದ್ದ ಅಪರಿಚಿತರಿಗೆ ಕಾರಣವಿಲ್ಲದೆ ಕಡಲೆಕಾಯಿ ಕೊಟ್ಟೆ, ಅಷ್ಟು ಹಗುರವಾಗಿತ್ತು ಮನಸ್ಸು. ಪಕ್ಕೆಯ ಉರಿ ಕೂಡ ಹಿತವಾಗಿಯೇ ಕಂಡಿತು.

ಮನೆಗೆ ಬಂದವನೇ ಅತ್ತೆಯನ್ನು ಕೂರಿಸಿಕೊಂಡು ನರ, ವೈರಸ್ಸು, ಕಾವಲುಪಡೆ ಎಂದು ಮುಕ್ಕಾಲು ಗಂಟೆ ಪಾಠ ಮಾಡಿದೆ. ಅವರು ಎಲೆಅಡಿಕೆ ಮೆಲ್ಲುತ್ತ ಪೂರಾ ಕೇಳಿದರು. "ಇದ್ಕೆ ಆಸನುಕ್ಕೆ ಓಗ್ಬೇಕಿತ್ತೇನ್ಲಾ? ಒಂದ್ಸಲ ಮೈಗೆ ಬಂದ ಅಮ್ಮ ಓಗಾಕಿಲ್ಲ, ವಳಗೇ ಇರ್ತಾಳೆ ಅಂತ ನಮ್ಮವ್ವನೂ ಯೋಳೋಳು" ಎಂದರು.

ಇಪ್ಪತ್ತು ವರ್ಷ ನಾನು ಮಕ್ಕಳಿಗೆ ಹೇಳಿದ್ದು, ಗುಣವಾದರೆ ವೈರಸ್ಸು ನಾಶವಾಯಿತು ಅಂತ. ಅತ್ತೆ ಕೆಮ್ಮಣ್ಣಿನ ಬಟ್ಟಲು ಎಳೆದುಕೊಂಡು, "ಇನ್ನೊಂದ್ ದಪ ಬಳೀಲೇನ್ಲಾ?" ಎಂದರು. ಅಂಗಿ ಎತ್ತಿ ಮಗ್ಗುಲಾಗಿ ಮಲಗಿದೆ. ತಣ್ಣಗಿರುತ್ತದೆ, ಅಷ್ಟಕ್ಕೇ.